ಎರಡನೇ ಡಿಸ್ಕು ಅಂದ್ರೆ ಎಷ್ಟನೇದು?

ಜುಲೈ ಕೊನೆಯ ವಾರ. ಆದಾಯ ತೆರಿಗೆ ರಿಟರ್ನ್ ಸಲ್ಲಿಸಲು 31 ಕೊನೇ ದಿನ. ಆ ವಾರ ಆಡಿಟರ್ ಆಫೀಸಿನಲ್ಲಿ ಸೀನೋದಕ್ಕೂ ಪುರುಸೊತ್ತು ಇರಲ್ಲ. ಅಂಥ ಹೊತ್ತಲ್ಲಿ ಎಲ್ಲಿಂದಲೋ ‘ಕೀಂ... ಕೀಂ...’ ಶುರುವಾಯಿತು.

ಏನು ಕೂಗಿದರೂ ನಮಗೆ ಮೊದಲ ಅನುಮಾನ ಯುಪಿಎಸ್ ಮೇಲೆ. ಬ್ಯಾಟರಿಗೆ ನೀರೂ ಹಾಕಿದ್ದಾಯಿತು. ಕೂಗು ನಿಲ್ಲಲಿಲ್ಲ. ಕೊನೆಗೆ ಕಸ ಗುಡಿಸುವ ಅಕ್ಕ ಬಂದು, “ಅಣ್ಣಾ, ಮೂಲೇಲಿರೋ ಕರಿ ಡಬ್ಬಿ ಅಳ್ತಾ ಇದೆ ನೋಡಿ” ಅಂದರು.

ಕರಿ ಡಬ್ಬಿ ಅಂದರೆ ಸರ್ವರ್, ಆಫೀಸಿನ ಲೆಕ್ಕಪತ್ರವನ್ನೆಲ್ಲ ಹೊಟ್ಟೇಲಿಟ್ಟುಕೊಂಡ ಕಂಪ್ಯೂಟರ್. ನಾನು ಅಸಲಿಗೆ ಅಕೌಂಟೆಂಟ್. ಒಮ್ಮೆ ಪ್ರಿಂಟರಿಗೆ ಸಿಕ್ಕಿಕೊಂಡ ಕಾಗದ ಎಳೆದು ತೆಗೆದ ತಪ್ಪಿಗೆ ಕಂಪ್ಯೂಟರ್ ಖಾತೆಯೂ ನನ್ನ ತಲೆಗೇ ಬಿದ್ದಿದೆ. ನೋಡಿಕೊಂಡು ಬಂದು, “ಸಾರ್, ನಮ್ಮ ರೇಡ್‌ನಲ್ಲಿ ಏನೋ ತೊಂದರೆ” ಅಂದೆ. ಸಾರ್ ಕೈಲಿದ್ದ ಕಾಫಿ ಲೋಟ ಅಲ್ಲಾಡಿತು. “ರೇಡಾ? ಯಾವ ಪಾರ್ಟಿ ಮೇಲೆ?”

ಇದು ಆ ರೇಡಲ್ಲ ಸಾರ್. ಎರಡೆರಡು ಟೆರಾಬೈಟಿನ ನಾಲ್ಕು ಡಿಸ್ಕು ಒಂದೇ ಡಿಸ್ಕಿನ ಹಾಗೆ ಸೇರಿಸಿ ಮಾಡಿದ ರೇಡ್ 5. ಎಂಟು ಕೊಟ್ಟರೆ ಆರು ಸಿಗುತ್ತೆ, ಒಂದು ಡಿಸ್ಕಿನಷ್ಟು ಜಾಗ ಆಪತ್ತಿಗೆ ಮೀಸಲು. ಒಂದು ಕೈಕೊಟ್ಟರೆ ಉಳಿದ ಮೂರು ಲೆಕ್ಕ ಹಾಕಿ ಅದರ ಪಾಲನ್ನೂ ತೂಗಿಸುತ್ತವೆ, ಕೂಡು ಕುಟುಂಬದ ಹಾಗೆ. ಇನ್ನೊಂದೂ ಹೋದರೆ ಮನೆ ಮುಳುಗಿದಂತೆ.

ಸ್ಕ್ರೀನಿನಲ್ಲಿ ‘ಡಿಸ್ಕ್ 2 ಫೇಲ್ಡ್’ ಅಂತ ಇತ್ತು. ಹೊಸ ಡಿಸ್ಕು ಬೀರುವಿನಲ್ಲೇ ಇತ್ತು. ಮಷೀನು ಆಫ್ ಮಾಡುವುದೂ ಬೇಡ, ಓಡುತ್ತಿರುವಾಗಲೇ ಹಳೇದನ್ನು ಎಳೆದು ಹೊಸದನ್ನು ತಳ್ಳಬಹುದು. ಕೆಟ್ಟದ್ದರ ಮುಂದೆ ಕಿತ್ತಳೆ ದೀಪ ಉರಿಯುತ್ತಿರುತ್ತದೆ. ಬಗ್ಗಿ ನೋಡಿದೆ. ಯಾವ ದೀಪವೂ ಕಾಣಲಿಲ್ಲ. ಆಯುಧಪೂಜೆಯಲ್ಲಿ ನಾಲ್ಕೂ ಡಿಸ್ಕಿಗೆ ಒಂದೊಂದು ಗಂಧ, ಒಂದೊಂದು ಕುಂಕುಮ, ಸರಿಯಾಗಿ ದೀಪದ ಮೇಲೇ. ಒಂಬತ್ತು ತಿಂಗಳಾದರೂ ಗಟ್ಟಿಯಾಗಿ ಕೂತಿತ್ತು. ಒರೆಸಬೇಕಿತ್ತು, ಅಲ್ವಾ? ನಾನು ಎಣಿಸಿದೆ. ಎಡಗಡೆಯಿಂದ ಒಂದು, ಎರಡು. ಎಳೆದೆ.

ಕೈಯಲ್ಲಿ ಡಿಸ್ಕು ಇನ್ನೂ ಗಿರ್ ಅಂತಿತ್ತು. ನಿಮಿಷಕ್ಕೆ 7200 ಸುತ್ತು ತಿರುಗೋ ಸಾಮಾನು, ಸ್ವಲ್ಪ ವಾಲಿಸಿದರೆ ಬುಗುರಿ ಹಾಗೆ ಕೈಯನ್ನೇ ತಿರುಚುತ್ತದೆ. ಸತ್ತದ್ದಕ್ಕೆ ಇಷ್ಟು ಜೀವ ಹೇಗೆ ಅಂತ ಯೋಚಿಸುವಷ್ಟರಲ್ಲಿ ಲೆಕ್ಕದ ಸಾಫ್ಟ್‌ವೇರಿನ ಮುಂದೆ ಕೂತಿದ್ದ ಮೂರು ಟೇಬಲ್ಲಿಂದ ಒಟ್ಟಿಗೇ ಕೂಗು: “ಟ್ಯಾಲಿ ನಿಂತೋಯ್ತು!”

ಅಕ್ಕ ಸುಮ್ನೆ ಸೆರಗಿನ ತುದಿಯಿಂದ ಕುಂಕುಮ ಉಜ್ಜಿದರು. ಮೂರನೇ ಡಿಸ್ಕಿನಲ್ಲಿ ಕಿತ್ತಳೆ ದೀಪ ಮಿಣಮಿಣ ಅಂತು. ಸರ್ವರ್ ಸೊನ್ನೆಯಿಂದ ಎಣಿಸುತ್ತೆ, ಅದರ ಎರಡು ಅಂದರೆ ನಮ್ಮ ಮೂರು. ಇದು ನನಗೆ ಗೊತ್ತಿರಲಿಲ್ಲ ಅಂತಲ್ಲ. ಆ ಕ್ಷಣಕ್ಕೆ ಮರೆತಿತ್ತು.

ಬ್ಯಾಕಪ್ ಇರಲಿಲ್ಲವಾ ಅಂತ ಕೇಳಬೇಡಿ. ಇತ್ತು. ಸಾರ್ ಮಗಳ ಮದುವೆ ವಿಡಿಯೋಗೆ ಜಾಗ ಬೇಕು ಅಂತ ಅದನ್ನು ಅಳಿಸಿದ್ದೂ ನಾನೇ.

ಸರ್ವರ್ ಆಫ್ ಮಾಡಿ, ಎಳೆದದ್ದನ್ನು ಅದರ ಜಾಗಕ್ಕೇ ತಳ್ಳಿ, ಕುಲದೇವರಿಗೆ ಹರಕೆ ಹೊತ್ತು ಆನ್ ಮಾಡಿದೆ. ‘ಫಾರಿನ್ ಕಾನ್ಫಿಗರೇಷನ್ ಸಿಕ್ಕಿದೆ, ಎಫ್ ಒತ್ತಿ’ ಎಂಬರ್ಥದ ಇಂಗ್ಲಿಷ್ ಸಾಲು ಬಂತು. ನಮ್ಮದೇ ಡಿಸ್ಕು, ಐದು ನಿಮಿಷ ಆಚೆ ಇದ್ದು ಬಂದಿದ್ದಕ್ಕೆ ಫಾರಿನ್ ಅಂತೆ! ನಮ್ಮ ಭಾವನ ಮಗ ಹದಿನೈದು ದಿನ ದುಬೈಗೆ ಹೋಗಿ ಬಂದಮೇಲೆ ಹೀಗೇ ಆಡಿದ್ದ. ಎಫ್ ಒತ್ತಿದೆ. ಎದ್ದು ಕೂತಿತು.

ಈ ಸಲ ಮೂರನೆಯದನ್ನೇ ಬದಲಾಯಿಸಿದೆ. ಹೊಸ ಡಿಸ್ಕು ತುಂಬೋಕೆ ಒಂಬತ್ತು ಗಂಟೆ ಬೇಕಾಯಿತು. ಶೇಕಡಾವಾರು ಏರೋದನ್ನೇ ನೋಡುತ್ತಾ ರಾತ್ರಿಯೆಲ್ಲ ಕೂತಿದ್ದೆ.

ಮರುದಿನ ನಾಲ್ಕೂ ಡಿಸ್ಕಿನ ಮೇಲೆ ಟೇಪ್ ಅಂಟಿಸಿ 0, 1, 2, 3 ಅಂತ ಬರೆದೆ. ಸಾರ್ ಕನ್ನಡಕ ಏರಿಸಿ ಮೊದಲನೆಯದನ್ನೇ ನೋಡುತ್ತಾ ನಿಂತರು.

“ಸೊನ್ನೆ ಅಂದ್ರೆ ಏನೂ ಇಲ್ಲ ಅಂತ ತಾನೇ? ಇದಕ್ಕೂ ದುಡ್ಡು ಕೊಟ್ಟಿದ್ದೀವಾ?”