ಗುದ್ದು ಬಿದ್ದದ್ದು ಗ್ಲೌಸ್ ಮೇಲೆ

ನಾನೂ ಒಂದು ಸಲ ಬಾಕ್ಸಿಂಗ್ ಕಾಮೆಂಟರಿ ಹೇಳಿದ್ದೇನೆ. ಒಂದೇ ಸಲ. ಮತ್ತೆ ಯಾರೂ ಕರೆಯಲಿಲ್ಲ. ಕರೆಯದೇ ಇದ್ದದ್ದೇ ಒಳ್ಳೆಯದಾಯಿತು.

ಆಗ ನಮ್ಮ ಕಡೆ ಕಬಡ್ಡಿ, ವಾಲಿಬಾಲ್ ಟೂರ್ನಮೆಂಟ್ ಅಂದರೆ ಮೈಕ್ ಹಿಡಿಯೋದು ನಾನೇ. ಮಾಲೂರು, ಬಂಗಾರಪೇಟೆ, ಮುಳಬಾಗಿಲು, ಎಲ್ಲಿ ರಾತ್ರಿ ಲೈಟ್ ಹಾಕಿ ಆಡಿಸಿದರೂ ಅಲ್ಲಿ ಹಾಜರ್. ಗಂಟಲು ಗಟ್ಟಿ ಇತ್ತು, ಬಾಯಿಗೆ ಬ್ರೇಕ್ ಇರಲಿಲ್ಲ. 2008ರಲ್ಲಿ ವಿಜೇಂದರ್ ಸಿಂಗ್ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಕಂಚು ತಂದ ಮೇಲೆ ಬಾಕ್ಸಿಂಗ್ ಹುಚ್ಚು ನಮ್ಮ ಕಡೆಗೂ ಸ್ವಲ್ಪ ಹತ್ತಿತು. ಕೆಜಿಎಫ್‌ನವರಿಗೆ ಮಾತ್ರ ಅದು ಹೊಸ ಹುಚ್ಚೇನಲ್ಲ. ಗಣಿ ಇದ್ದ ಕಾಲದಿಂದಲೂ ಅಲ್ಲಿ ಹಾಕಿ, ಫುಟ್‌ಬಾಲ್ ಜೊತೆಗೆ ಬಾಕ್ಸಿಂಗ್ ಇತ್ತು. ಅಲ್ಲಿಯ ಒಂದು ಸಣ್ಣ ಟೂರ್ನಮೆಂಟ್‌ಗೆ ಕೋಲಾರದಿಂದ ನನ್ನನ್ನ ಕರೆಸಿದರು.

ಒಬ್ಬ ಕೆಂಪು ಬನಿಯನ್ ಹುಡುಗ, ಒಬ್ಬ ನೀಲಿ ಹುಡುಗ. ಗಂಟೆ ಹೊಡೆದದ್ದೇ ತಡ, ಕೆಂಪು ಹುಡುಗ ನುಗ್ಗಿದ. ಎರಡೂ ಕೈ ಬೀಸಿದ್ದೇ ಬೀಸಿದ್ದು. ನನಗಿನ್ನೇನು ಬೇಕು? 'ಬಿತ್ತು ಏಟು! ಇನ್ನೊಂದು! ನಮ್ಮ ಕೆಂಪು ಹುಲಿ ಬಿಡ್ತಿಲ್ಲ ನೋಡಿ!' ಮೂರು ರೌಂಡ್ ಇದೇ ಪಾಠ. ಜನ ಶಿಳ್ಳೆ ಹೊಡೆದರು, ನಾನು ಇನ್ನೂ ಜೋರಾದೆ. ಕೊನೆಗೆ ರೆಫ್ರಿ ಎತ್ತಿದ್ದು ನೀಲಿ ಹುಡುಗನ ಕೈ. ಜಡ್ಜ್‌ಗಳೆಲ್ಲ ಅವನ ಕಡೆಯೇ.

ಜನ ಎದ್ದರು. ಕುರ್ಚಿ ಹಾರಿದವು. ಕೆಂಪು ಹುಡುಗನ ಕಡೆಯವರು ಜಡ್ಜ್‌ಗಳ ಟೇಬಲ್‌ಗೆ ಮುತ್ತಿಗೆ ಹಾಕಿ, ಎಷ್ಟು ದುಡ್ಡು ತಿಂದ್ರಿ ಅಂತ ಶುರು ಮಾಡಿದರು. ನಾನು ಅದೇ ಮೈಕ್‌ನಲ್ಲಿ 'ದಯವಿಟ್ಟು ಶಾಂತವಾಗಿರಿ' ಅಂತ ಬೇಡಿಕೊಳ್ಳುತ್ತಿದ್ದೆ.

ಗಲಾಟೆ ತಣ್ಣಗಾದ ಮೇಲೆ ಒಬ್ಬರು ಹಿರಿಯರು ಪಕ್ಕಕ್ಕೆ ಬಂದು ಕೂತರು. ಚಾಂಪಿಯನ್ ರೀಫ್ಸ್‌ನಲ್ಲಿ ಗಣಿ ಕೆಲಸ ಮಾಡಿದವರು, 2001ರಲ್ಲಿ ಗಣಿ ಮುಚ್ಚಿದ ಮೇಲೆ ಹುಡುಗರಿಗೆ ಬಾಕ್ಸಿಂಗ್ ಹೇಳಿಕೊಡುತ್ತಿದ್ದವರು. ಎಲ್ಲರೂ ಮಾಸ್ಟರ್ ಅಂತಿದ್ದರು.

'ಕಬಡ್ಡಿ ಹೇಳ್ತೀಯಾ ತಂಬಿ?'

'ಹೌದು ಮಾಸ್ಟರ್.'

'ಗೊತ್ತಾಯ್ತು. ನೀನು ಕೂಗಿದ್ದು ನಲವತ್ತು ಏಟು. ಬಿದ್ದಿದ್ದು ಆರೋ ಏಳೋ. ಮಿಕ್ಕಿದ್ದೆಲ್ಲ ಗ್ಲೌಸ್ ಮೇಲೆ, ತೋಳ ಮೇಲೆ. ನೀಲಿ ಹುಡುಗ ಎಡಗೈಲಿ ಸುಮ್ನೆ ಮೂತಿಗೆ ಕುಕ್ತಾ ಇದ್ದ. ಅದನ್ನ ನೀನು ಒಂದೂ ಹೇಳ್ಲಿಲ್ಲ.' ಗ್ಲೌಸ್‌ನ ಬೆರಳಗೆಣ್ಣಿನ ಮೇಲಿದ್ದ ಬಿಳಿ ಪಟ್ಟಿ ತೋರಿಸಿದರು. ಆ ಭಾಗ ಮುಖಕ್ಕೋ ಹೊಟ್ಟೆಗೋ ಸರಿಯಾಗಿ ತಾಗಿದರೆ ಮಾತ್ರ ಲೆಕ್ಕ. ಆಮೇಲೆ ಇನ್ನೊಂದು ಮಾತು ಹೇಳಿದರು: 'ಕೈ ನೋಡ್ಬೇಡ, ಕಾಲು ನೋಡು. ಯಾರ ಕಾಲು ಯಾರನ್ನ ಓಡಿಸ್ತಿದೆ ಅಂತ ಗೊತ್ತಾದ್ರೆ ಅರ್ಧ ಪಂದ್ಯ ಗೊತ್ತಾದ ಹಾಗೆ.'

ಅವತ್ತಿನಿಂದ ಟಿವಿಯಲ್ಲಿ ಬಾಕ್ಸಿಂಗ್ ಬಂದರೆ ಬಾಕ್ಸರ್‌ಗಳಿಗಿಂತ ಜಾಸ್ತಿ ನಾನು ಕಾಮೆಂಟೇಟರ್‌ಗಳನ್ನೇ ನೋಡುತ್ತೇನೆ, ಅಂದರೆ ಕೇಳುತ್ತೇನೆ. ಮನೆಯಲ್ಲಿ ಇದಕ್ಕೆ ಬೈಸಿಕೊಂಡಿದ್ದೂ ಇದೆ.

ಕ್ರಿಕೆಟ್‌ನಲ್ಲಿ ಕಾಮೆಂಟೇಟರ್ ಎಷ್ಟೇ ಬೊಗಳೆ ಬಿಡಲಿ, ಕೆಳಗಡೆ ಸ್ಕೋರ್ ಓಡುತ್ತಿರುತ್ತದೆ. ಕಬಡ್ಡಿಯಲ್ಲೂ ಅಷ್ಟೇ. ಪ್ರೊಫೆಷನಲ್ ಬಾಕ್ಸಿಂಗ್‌ನಲ್ಲಿ ಆ ಅನುಕೂಲ ಇಲ್ಲ. ದೊಡ್ಡ ಪಂದ್ಯ ಅಂದರೆ ಸಾಮಾನ್ಯವಾಗಿ 12 ರೌಂಡ್, ರಿಂಗ್ ಸುತ್ತ ಮೂವರು ಜಡ್ಜ್. ರೌಂಡ್ ಗೆದ್ದವನಿಗೆ 10, ಸೋತವನಿಗೆ ಸಾಮಾನ್ಯವಾಗಿ 9, ಒಮ್ಮೆ ನೆಲಕ್ಕೆ ಬಿದ್ದರೆ 8. ಅವರು ಏನು ಬರೆದುಕೊಂಡರು ಅಂತ ಬಹಳಷ್ಟು ಪಂದ್ಯಗಳಲ್ಲಿ ಕೊನೆಯವರೆಗೂ ನಮಗೆ ತಿಳಿಯುವುದಿಲ್ಲ. ಅಲ್ಲಿಯವರೆಗೆ ನೋಡುವವನ ತಲೆಯಲ್ಲಿರುವ ಸ್ಕೋರ್ ಬೋರ್ಡ್ ಯಾವುದು? ಕಾಮೆಂಟೇಟರ್ ಬಾಯಿ. ಅವನು ಒಂದನೇ ರೌಂಡ್‌ಗೇ ಒಬ್ಬನನ್ನ ಗೆಲ್ಲಿಸಿಬಿಟ್ಟರೆ ನಾವೂ ಗೆಲ್ಲಿಸಿಬಿಡುತ್ತೇವೆ. ಆಮೇಲೆ ತೀರ್ಪು ಬೇರೆ ಬಂದರೆ 'ಮೋಸ' ಅಂತ ಕೂಗುತ್ತೇವೆ. ನನ್ನ ಕೆಂಪು ಹುಲಿ ಕಥೆಯೇ, ದೊಡ್ಡ ಪರದೆಯ ಮೇಲೆ.

2017ರ ಜುಲೈನಲ್ಲಿ ಬ್ರಿಸ್ಬೇನ್‌ನಲ್ಲಿ ಮ್ಯಾನಿ ಪ್ಯಾಕ್ವಿಯಾವ್ ಮತ್ತು ಜೆಫ್ ಹಾರ್ನ್ ಆಡಿದ್ದು ನೆನಪಿದೆಯಾ? ನಮಗಿಲ್ಲಿ ಭಾನುವಾರ ಬೆಳಿಗ್ಗೆ. ಅಮೆರಿಕದ ಟಿವಿಯಲ್ಲಿ ಟೆಡ್ಡಿ ಅಟ್ಲಾಸ್ ಇದ್ದರು. ಮೈಕ್ ಟೈಸನ್‌ಗೆ ಹುಡುಗನಾಗಿದ್ದಾಗ ಹೇಳಿಕೊಟ್ಟ ಮನುಷ್ಯ, ಅವರಿಗೆ ಬಾಕ್ಸಿಂಗ್ ಗೊತ್ತಿಲ್ಲ ಅನ್ನಲು ನಾನ್ಯಾರು. ಅವರ ಲೆಕ್ಕ 116-111, ಪ್ಯಾಕ್ವಿಯಾವ್‌ಗೆ. ಜಡ್ಜ್‌ಗಳು ಮೂವರೂ ಹಾರ್ನ್‌ಗೆ ಕೊಟ್ಟರು. ಅಟ್ಲಾಸ್ ಗೆದ್ದವನ ಎದುರಿಗೇ ನಿಂತು, ನೀನು ಸೋತೆ ಅಂತ ನನ್ನ ಅಭಿಪ್ರಾಯ ಅಂದುಬಿಟ್ಟರು. ಅರ್ಧ ಪ್ರಪಂಚ ಮೋಸ ಮೋಸ ಅಂತ ಕೂಗಿತು. ಆಮೇಲೆ ಪಂದ್ಯದ ಸಂಸ್ಥೆಯವರು ಬೇರೆ ಐವರು ಜಡ್ಜ್‌ಗಳನ್ನ ಕೂರಿಸಿ ಮತ್ತೆ ಎಣಿಸಿದರು. ಆಗಲೂ 7 ರೌಂಡ್ ಹಾರ್ನ್‌ಗೆ, 5 ಪ್ಯಾಕ್ವಿಯಾವ್‌ಗೆ ಬಂತು. ಯಾರು ಸರಿ ಅಂತ ನಾನು ಜಗಳಕ್ಕೆ ಬರುವುದಿಲ್ಲ. ಆದರೆ ಅಟ್ಲಾಸ್ ಧ್ವನಿ ಕೇಳುತ್ತಾ ಆ ಪಂದ್ಯ ನೋಡಿದವರಿಗೆ 'ಇದು ಹತ್ತಿರದ ಪಂದ್ಯ' ಅಂತ ಅನ್ನಿಸುವ ಅವಕಾಶವೇ ಇರಲಿಲ್ಲ. ಮುಖದ ಮೇಲೆ ಹೇಳುವ ಧೈರ್ಯಕ್ಕೆ ಭೇಷ್. ಮಧ್ಯದಲ್ಲಿ ಒಂದು ಸಲವಾದರೂ 'ಈ ರೌಂಡ್ ಹೀಗೂ ನೋಡಬಹುದು' ಅಂದಿದ್ದರೆ ಇನ್ನೂ ಚೆನ್ನಾಗಿರುತ್ತಿತ್ತು.

ಅನುಮಾನ ಇಟ್ಟುಕೊಳ್ಳಬೇಕು ಅನ್ನುವುದಕ್ಕೆ ಇದಕ್ಕಿಂತ ದೊಡ್ಡ, ಹೇಳಲು ಕಷ್ಟವಾದ ಉದಾಹರಣೆ ಒಂದಿದೆ. 1962ರ ಮಾರ್ಚ್, ನ್ಯೂಯಾರ್ಕ್. ಎಮಿಲ್ ಗ್ರಿಫಿತ್ ಮತ್ತು ಬೆನ್ನಿ ಪ್ಯಾರೆಟ್. ಮೈಕ್ ಹಿಂದೆ ಡಾನ್ ಡನ್ಫಿ. ರೇಡಿಯೋ ಕಾಲದಿಂದ ಪಳಗಿದವರು, ಅಲಂಕಾರ ಇಲ್ಲದೆ ಕಂಡದ್ದನ್ನ ಕಂಡ ಹಾಗೆ ಹೇಳುವವರು. 12ನೇ ರೌಂಡ್‌ನಲ್ಲಿ ಅವರು, ಇಡೀ ಪಂದ್ಯದಲ್ಲಿ ಬಹುಶಃ ಇದೇ ತೀರಾ ಸಪ್ಪೆ ರೌಂಡ್ ಅನ್ನುವ ಅರ್ಥದ ಮಾತು ಹೇಳಿದರು. ಸ್ವಲ್ಪ ಹೊತ್ತಿಗೇ ಗ್ರಿಫಿತ್ ಮೂಲೆಯಲ್ಲಿ ಪ್ಯಾರೆಟ್‌ನನ್ನ ಹಿಡಿದು ಒಂದೇ ಸಮನೆ ಬಾರಿಸಿದ. ಪ್ಯಾರೆಟ್ ಪ್ರಜ್ಞೆ ತಪ್ಪಿದ. ಹತ್ತು ದಿನದ ಮೇಲೆ ತೀರಿಕೊಂಡ. ಡನ್ಫಿ ತಪ್ಪು ಮಾಡಿದರು ಅನ್ನುತ್ತಿಲ್ಲ. ಆ ಕ್ಷಣಕ್ಕೆ ಅದು ನಿಜವೇ ಆಗಿತ್ತು. ಅಷ್ಟು ಅನುಭವದ ಮನುಷ್ಯನಿಗೇ ಮುಂದಿನ ಅರ್ಧ ನಿಮಿಷ ಕಾಣಲಿಲ್ಲ. ಇನ್ನು ಮೂರನೇ ರೌಂಡ್‌ಗೇ 'ಮುಗೀತು ಕಥೆ' ಅನ್ನುವವರನ್ನ ನಾನು ಹೇಗೆ ನಂಬಲಿ?

ಹಾಗಂತ ಕೂಗಲೇಬಾರದು ಅಂತಲ್ಲ. ಕೂಗುವುದಕ್ಕೂ ಒಂದು ಹೊತ್ತು ಇದೆ. 1973ರಲ್ಲಿ ಕಿಂಗ್‌ಸ್ಟನ್‌ನಲ್ಲಿ ಜಾರ್ಜ್ ಫೋರ್‌ಮನ್ ಹೊಡೆತಕ್ಕೆ ಜೋ ಫ್ರೇಜರ್ ಬಿದ್ದಾಗ ಹೊವಾರ್ಡ್ ಕೋಸೆಲ್ 'ಡೌನ್ ಗೋಸ್ ಫ್ರೇಜರ್' ಅಂತ ಮೂರು ಸಲ ಕೂಗಿದರು. ಅದರಲ್ಲಿ ಒಂದು ವಿಶೇಷಣ ಇಲ್ಲ, ಹುಲಿ ಇಲ್ಲ, ಸಿಂಹ ಇಲ್ಲ. ಫ್ರೇಜರ್ ಬಿದ್ದ, ಅಷ್ಟೇ. ಆ ಗಂಟಲಲ್ಲಿದ್ದ ನಂಬಲಾಗದ ಭಾವವೇ ಸಾಕಾಯಿತು. ಅದೇ ಫೋರ್‌ಮನ್ 1994ರಲ್ಲಿ, 45ನೇ ವಯಸ್ಸಿನಲ್ಲಿ, ಮೈಕೆಲ್ ಮೂರರ್‌ನನ್ನ 10ನೇ ರೌಂಡ್‌ನಲ್ಲಿ ಮಲಗಿಸಿದಾಗ ಜಿಮ್ ಲ್ಯಾಂಪ್ಲಿ ಅಂದದ್ದು 'ಇಟ್ ಹ್ಯಾಪನ್ಡ್! ಇಟ್ ಹ್ಯಾಪನ್ಡ್!' ಅಂತ. ಮಜಾ ಏನೆಂದರೆ ಫೋರ್‌ಮನ್ ಅದೇ ಚಾನೆಲ್‌ನಲ್ಲಿ ಲ್ಯಾಂಪ್ಲಿ ಪಕ್ಕ ಕೂತು ಕಾಮೆಂಟರಿ ಹೇಳುತ್ತಿದ್ದವರು. ಪಕ್ಕದ ಕುರ್ಚಿಯವನು ಎದ್ದು ಹೋಗಿ ವಿಶ್ವ ಚಾಂಪಿಯನ್ ಆಗಿ ಬಂದರೆ ನಮ್ಮ ಬಾಯಲ್ಲಿ ಅಷ್ಟಾದರೂ ಬರುತ್ತಿತ್ತಾ?

ಪಕ್ಷಪಾತ ಇದ್ದರೂ ಕೆಲವರನ್ನ ಕ್ಷಮಿಸಿಬಿಡುತ್ತೇನೆ. 1989ರಲ್ಲಿ ಫ್ರಾಂಕ್ ಬ್ರೂನೋ ಒಂದು ಕ್ಷಣ ಟೈಸನ್‌ನನ್ನ ಅಲ್ಲಾಡಿಸಿದಾಗ ಬಿಬಿಸಿಯ ಹ್ಯಾರಿ ಕಾರ್ಪೆಂಟರ್ ಕಾಮೆಂಟರಿ ಮರೆತು, ನುಗ್ಗು ಫ್ರಾಂಕ್ ಅಂತ ಕೂಗಿದ್ದರು. ಅಷ್ಟು ವರ್ಷ ತೂಕವಾಗಿ ಮಾತಾಡಿದ ಮನುಷ್ಯ ಒಂದು ಸಲ ಜಾರಿದರೆ ಅದೂ ಚೆಂದವೇ. ಐದನೇ ರೌಂಡ್‌ಗೆ ಬ್ರೂನೋ ಕಥೆ ಮುಗಿಯಿತು, ಅದು ಬೇರೆ ವಿಷಯ.

ನಮ್ಮ ದೇಶದ ಪ್ರಸಾರಕ್ಕೆ ಬರೋಣ. ನಮಗೆ ಬಾಕ್ಸಿಂಗ್ ಬರುವುದು ನಾಲ್ಕು ವರ್ಷಕ್ಕೊಮ್ಮೆ, ಸಂಕ್ರಾಂತಿಗೆ ಹಸು ತೊಳೆದ ಹಾಗೆ. ಬಂದಾಗ ಮೈಕ್ ಹಿಡಿದವರಿಗೆ ಗುದ್ದು ಕಾಣುವುದಿಲ್ಲ, ಬಾವುಟ ಕಾಣುತ್ತದೆ. ಟೋಕಿಯೋ ಒಲಿಂಪಿಕ್ಸ್‌ನಲ್ಲಿ, 2021ರ ಜುಲೈ, ಮೇರಿ ಕೋಮ್ ಮತ್ತು ಕೊಲಂಬಿಯಾದ ಇಂಗ್ರಿಟ್ ವೆಲೆನ್ಸಿಯಾ ಪಂದ್ಯ. ಮೊದಲ ರೌಂಡ್ ಐವರು ಜಡ್ಜ್‌ಗಳಲ್ಲಿ ನಾಲ್ವರು ವೆಲೆನ್ಸಿಯಾಗೆ ಕೊಟ್ಟರು. ಮುಂದಿನ ಎರಡೂ ರೌಂಡ್ 3-2ರಲ್ಲಿ ಮೇರಿಗೆ. ಎರಡು ರೌಂಡ್ ಗೆದ್ದ ಮೇಲೆ ಪಂದ್ಯವೂ ನಮ್ಮದೇ ತಾನೇ ಅಂತ ನಮ್ಮ ಮನೆಯಲ್ಲಿ ಎಲ್ಲರೂ ಅಂದುಕೊಂಡರು. ಮೇರಿ ಕೂಡ ಹಾಗೇ ಅಂದುಕೊಂಡಿದ್ದರು, ಸೋತದ್ದು ಅವರಿಗೆ ತಿಳಿದದ್ದೇ ಆಮೇಲೆ. ಆದರೆ ಲೆಕ್ಕ ಹಾಗಿಲ್ಲ. ಪ್ರತಿ ಜಡ್ಜ್ ತನ್ನ ಮೂರು ರೌಂಡ್ ಕೂಡುತ್ತಾನೆ. ಅಂಥ ಐದು ಮೊತ್ತದಲ್ಲಿ ಮೂರು ವೆಲೆನ್ಸಿಯಾಗೆ ಹೋಯಿತು. ಒಲಿಂಪಿಕ್ಸ್‌ನಲ್ಲಿ ಈಗ ರೌಂಡ್ ಮುಗಿದ ಕೂಡಲೇ ಅಂಕ ತೋರಿಸುತ್ತಾರೆ. ಮಧ್ಯೆ ಒಂದು ನಿಮಿಷ ಬಿಡುವೂ ಇರುತ್ತದೆ. ಆ ಒಂದು ನಿಮಿಷದಲ್ಲಿ 'ಈಗ ಮೇರಿಗೆ ಯಾವ ಜಡ್ಜ್ ಬೇಕು' ಅಂತ ಹೇಳುವುದಕ್ಕೇ ಅಲ್ವಾ ಕಾಮೆಂಟೇಟರ್ ಇರೋದು? ನಾನು ನೋಡಿದ ಪ್ರಸಾರದಲ್ಲಿ ಆ ನಿಮಿಷ ಪೂರ್ತಿ ತಾಯಿ, ದೇಶ, ಛಲ ಇಷ್ಟರಲ್ಲೇ ಹೋಯಿತು.

ನಿರೂಪಕರ ಬಗ್ಗೆ ಜಾಸ್ತಿ ಹೇಳಲ್ಲ. ಪಂದ್ಯ ಮುಗಿದ ಕೂಡಲೇ, ಇನ್ನೂ ತಲೆ ಗಿರ್ ಅಂತಿರುವವನ ಬಾಯಿಗೆ ಮೈಕ್ ಇಟ್ಟು 'ಹೇಗನ್ನಿಸ್ತಿದೆ' ಅಂತ ಕೇಳುವವರನ್ನೇ ಒಂದು ರೌಂಡ್ ರಿಂಗ್ ಒಳಗೆ ಕಳಿಸಿ ಅದೇ ಪ್ರಶ್ನೆ ಕೇಳಬೇಕು. ಲ್ಯಾರಿ ಮರ್ಚೆಂಟ್ ಥರದವರು ಕೇಳುತ್ತಿದ್ದುದೇ ಬೇರೆ. 2011ರಲ್ಲಿ, ಎದುರಾಳಿ ಸಿದ್ಧನಿಲ್ಲದಾಗ ಹೊಡೆದು ಗೆದ್ದದ್ದರ ಬಗ್ಗೆ ಕೇಳಿದ್ದಕ್ಕೆ ಫ್ಲಾಯ್ಡ್ ಮೇವೆದರ್ ರೇಗಿ ಬೈದಾಗ, 80 ವರ್ಷದ ಮರ್ಚೆಂಟ್, ನಾನು 50 ವರ್ಷ ಚಿಕ್ಕವನಾಗಿದ್ದಿದ್ದರೆ ನಿನ್ನ ಚೆನ್ನಾಗಿ ತದುಕುತ್ತಿದ್ದೆ ಅಂದುಬಿಟ್ಟರು. ಬೇಕಿತ್ತೋ ಬೇಡವೋ, ಆದರೆ ಅವರು ಕೇಳಿದ ಪ್ರಶ್ನೆ ನಾವು ಕೇಳಬೇಕಿದ್ದ ಪ್ರಶ್ನೆಯೇ ಆಗಿತ್ತು.

ಕನ್ನಡದಲ್ಲಿ ಕ್ರಿಕೆಟ್ ಬಂತು, ಕಬಡ್ಡಿ ಬಂತು. ಬಾಕ್ಸಿಂಗ್ ಬಂದರೆ ಪದ ಎಲ್ಲಿಂದ ತರ್ತೀರಾ ಅಂತ ಒಬ್ಬ ಸ್ನೇಹಿತ ಕೇಳಿದ. ಅಯ್ಯೋ ಮಾರಾಯ, ಹೊಡೆಯುವುದಕ್ಕೆ ನಮ್ಮಲ್ಲಿ ಪದಕ್ಕೆ ಬರವೇ? ಗುದ್ದು, ಕುಕ್ಕು, ತಿವಿ, ಚಚ್ಚು, ಜಜ್ಜು, ಬಾರಿಸು, ತದುಕು, ಇಕ್ಕು. ಒಂದೊಂದಕ್ಕೂ ಒಂದೊಂದು ತೂಕ. ಜ್ಯಾಬ್ ಅಂದರೆ ಕುಕ್ಕೋದು, ಮಾಸ್ಟರ್ ಅವತ್ತೇ ಅಂದಿದ್ದರು. ಪಕ್ಕೆಗೆ ಬೀಳುವುದು ತಿವಿತ. ಮೂಲೆಯಲ್ಲಿ ಹಿಡಿದು ಬಿಡದೆ ಹೊಡೆಯುವುದು ಚಚ್ಚೋದು. ಗ್ಲೌಸ್ ಮೇಲೆ ಬಿದ್ದರೆ? ಅದಕ್ಕೊಂದು ಪದ ಬೇಕು, ಯಾಕೆಂದರೆ ನನ್ನಂಥವರು ಅದನ್ನೂ 'ಏಟು' ಅಂತಲೇ ಕೂಗುತ್ತೇವೆ. ಪತ್ರಿಕೆಯವರು ಬರೆಯುವ 'ಮುಷ್ಟಿ ಪ್ರಹಾರ' ಮಾತ್ರ ಬೇಡ. ಅದನ್ನ ಹೇಳಿ ಮುಗಿಸುವಷ್ಟರಲ್ಲಿ ಇನ್ನೂ ನಾಲ್ಕು ಬಿದ್ದಿರುತ್ತವೆ.

2024ರ ನವೆಂಬರ್‌ನಲ್ಲಿ ಟೈಸನ್ ಮತ್ತು ಜೇಕ್ ಪಾಲ್ ಪಂದ್ಯಕ್ಕೆ ಊರಿಗೆ ಊರೇ ಎದ್ದು ಕೂತಿತ್ತಲ್ಲ, ಅವತ್ತೇ ಅದಕ್ಕೂ ಮುಂಚೆ ಕೇಟಿ ಟೇಲರ್ ಮತ್ತು ಅಮಂಡಾ ಸೆರಾನೋ ಪಂದ್ಯ ಇತ್ತು. ಟೈಸನ್‌ನದ್ದು ಬಿಡಿ, 58 ವರ್ಷದವರನ್ನ ಕರೆತಂದು ನಿಲ್ಲಿಸಿದ್ದರು. ಈ ಹೆಣ್ಣುಮಕ್ಕಳದ್ದು 10 ರೌಂಡ್‌ನ ನಿಜವಾದ ಗುದ್ದಾಟ. ತಲೆಗೆ ತಲೆ ಡಿಕ್ಕಿಯಾಗಿ ಸೆರಾನೋ ಹುಬ್ಬು ಸೀಳಿ ರಕ್ತ ಸುರಿಯುತ್ತಿತ್ತು. ತಲೆ ತಾಗಿಸಿದ್ದಕ್ಕೆ ಟೇಲರ್‌ಗೆ ಒಂದು ಅಂಕ ಕಡಿತವಾಯಿತು. ಆದರೂ ಮೂವರೂ ಜಡ್ಜ್ 95-94 ಅಂತ ಟೇಲರ್‌ಗೆ ಕೊಟ್ಟರು. ಜನ ಛೀ ಅಂದರು.

ಆಮೇಲೊಂದು ದಿನ ನಾನು ಅದನ್ನ ಸೌಂಡ್ ಮ್ಯೂಟ್ ಮಾಡಿ, ಹಳೆ ಲೆಕ್ಕದ ಪುಸ್ತಕದಲ್ಲಿ ರೌಂಡ್ ರೌಂಡ್ ಬರೆದುಕೊಂಡು ನೋಡಿದೆ. ನನಗೆ ಬಂದದ್ದು ಸೆರಾನೋಗೆ 95-94. ಜಡ್ಜ್‌ಗಳಿಗೂ ನನಗೂ ಒಂದೇ ರೌಂಡ್ ವ್ಯತ್ಯಾಸ. ಒಂದು ವಾರ ಬಿಟ್ಟು ಸೌಂಡ್ ಇಟ್ಟು ಮತ್ತೆ ನೋಡಿದೆ. 97-92, ಸೆರಾನೋಗೇ. ಗುದ್ದು ಅವೇ, ಕಣ್ಣು ಇವೇ. ಜನರ ಕೂಗು, ಮೈಕಿನ ಮಾತು ಸೇರಿ ಎರಡು ರೌಂಡ್ ಆ ಕಡೆಯಿಂದ ಈ ಕಡೆ ಬಂದಿದ್ದವು.

ದೊಡ್ಡದೇನೋ ಕಂಡುಹಿಡಿದೆ ಅಂತ ಮಾಸ್ಟರ್‌ಗೆ ಫೋನ್ ಮಾಡಿ ಹೇಳಿದೆ. ಅವರು ಪೂರ್ತಿ ಕೇಳಿಸಿಕೊಂಡರು.

'ಯಾವ ಎರಡು ರೌಂಡ್ ತಂಬಿ?'

'ನಾಲ್ಕು, ಒಂಬತ್ತು ಮಾಸ್ಟರ್.'

'ಆ ಎರಡ್ರಲ್ಲಿ ಯಾರ ಕಾಲು ಹಿಂದಕ್ಕೆ ಹೋಗ್ತಿತ್ತು?'

ನಾನು ಎರಡು ಸಲವೂ ಕೈಯನ್ನೇ ನೋಡಿದ್ದೆ.