ಕಣದ ಆಯ, ಚರ್ಚಿನ ಹತ್ತನೆಯ ಪಾಲು

ಇಂಗ್ಲೆಂಡಿನಲ್ಲಿ ಮನೆ ಕೊಳ್ಳುವಾಗ ವಕೀಲರು ಕಳಿಸಿದ ಕಾಗದಗಳಲ್ಲಿ ಒಂದು ವಿಮೆಯ ಪತ್ರವಿತ್ತು. ಊರಿನ ಹಳೆಯ ಚರ್ಚಿನಲ್ಲಿ ಬಲಿಪೀಠವಿರುವ ಭಾಗದ ಚಾವಣಿ ಸೋರಿದರೆ ರಿಪೇರಿಯ ಖರ್ಚು ನಮ್ಮ ತಲೆಗೆ ಬರಬಹುದು, ಅದಕ್ಕಾಗಿ ಈ ವಿಮೆ ಎಂದರು. ನಾನು ಆ ಚರ್ಚಿನವನಲ್ಲ, ಆ ಧರ್ಮದವನೂ ಅಲ್ಲ. ಈ ಹೊಣೆಯ ಬೇರು ಹುಡುಕುತ್ತಾ ಹೋಗಿ ಮುಟ್ಟಿದ್ದು, ಬೆಳೆಯ ಹತ್ತನೆಯ ಪಾಲನ್ನು ಚರ್ಚಿಗೆ ತೆರುವ ದಶಮಾಂಶಕ್ಕೆ.

ಹತ್ತನೆಯ ಶತಮಾನದ ಎಡ್ಗರ್ ದೊರೆಯ ಕಾನೂನು ಓದಿದಾಗ ಮೈ ಜುಮ್ಮೆಂದಿತು. ದಶಮಾಂಶ ಕೊಡದವನ ಬೆಳೆಯಲ್ಲಿ ಹತ್ತನೆಯ ಪಾಲನ್ನು ಬಲವಂತವಾಗಿ ಚರ್ಚಿಗೆ ಒಯ್ಯಬೇಕು, ಒಂಬತ್ತನೆಯದನ್ನು ಅವನಿಗೆ ಬಿಡಬೇಕು, ಉಳಿದ ಎಂಟು ಪಾಲು ಭೂಒಡೆಯನಿಗೂ ಬಿಷಪ್ಪನಿಗೂ ಅರ್ಧರ್ಧ. ಮುಂದೆ ಪಾಲುಗಳಿಗೂ ವರ್ಗಗಳಾದವು. ಸಾಮಾನ್ಯವಾಗಿ ಧಾನ್ಯ, ಒಣಹುಲ್ಲು, ಸೌದೆಯ ದೊಡ್ಡ ದಶಮಾಂಶ ಊರ ಚರ್ಚಿನ ಮುಖ್ಯ ಹಕ್ಕುದಾರನಾದ ರೆಕ್ಟರನಿಗೆ; ಬಲಿಪೀಠದ ಭಾಗದ ಚಾವಣಿಯ ಹೊಣೆಯೂ ಅವನದೇ. ಉಣ್ಣೆ, ಕುರಿಮರಿ, ಹಾಲು, ಮೊಟ್ಟೆಗಳ ಸಣ್ಣ ದಶಮಾಂಶ, ರೆಕ್ಟರನ ಬದಲು ಚರ್ಚಿನ ಕೆಲಸ ನಡೆಸುವ ಪಾದ್ರಿಯಾದ ವಿಕರನಿಗೆ. ಬೀಜ, ಗೊಬ್ಬರ, ಕೂಲಿಯ ಖರ್ಚನ್ನು ಕಳೆಯುವಂತಿರಲಿಲ್ಲ; ಲೆಕ್ಕವೆಲ್ಲ ಒಟ್ಟು ಬೆಳೆಯ ಮೇಲೆ. ಹೊಲವನ್ನು ಹಸನು ಮಾಡಿದವನೇ ಹೆಚ್ಚು ತೆರಬೇಕಾಗುತ್ತಿತ್ತು.

ಹಾಸನದ ಕಡೆಯ ನಮ್ಮ ಕಣದಲ್ಲೂ ಪಾಲು ಹೋಗುತ್ತಿತ್ತು. ರಾಗಿಯ ರಾಶಿಗೆ ಪೂಜೆಯಾದ ಮೇಲೆ ಕಮ್ಮಾರ, ಬಡಗಿ, ಮಡಿವಾಳ, ಕ್ಷೌರಿಕ, ಪೂಜಾರಿ ಎಲ್ಲರಿಗೂ ಅಜ್ಜ ಮೊರದಲ್ಲಿ ಆಯ ಅಳೆಯುತ್ತಿದ್ದರು. ನೇಗಿಲಿನ ಗುಳ ಕಾಯಿಸಿ ತಟ್ಟಿಕೊಟ್ಟವನು ಎದುರಿಗೇ ನಿಂತಿರುತ್ತಿದ್ದ. ಅದನ್ನು ಬರೀ ಹೊಗಳಿ ಸುಮ್ಮನಾಗಲಾರೆ. ವರ್ಷವಿಡೀ ದುಡಿದು ಕಣದ ಅಂಚಿನಲ್ಲೇ ಕಾಯಬೇಕಾದವರೂ ಇದ್ದರು, ಅವರ ಪಾಲನ್ನು ಜಾತಿಯೇ ನಿರ್ಧರಿಸುತ್ತಿತ್ತು. ಆದರೂ ಕೊಟ್ಟದ್ದು ಯಾರಿಗೆ, ಯಾವ ಕೆಲಸಕ್ಕೆ ಎಂಬುದು ಕೊಡುವವನಿಗೆ ಗೊತ್ತಿರುತ್ತಿತ್ತು.

ಇಂಗ್ಲೆಂಡಿನಲ್ಲಿ ಕಡಿದುಹೋದದ್ದು ಈ ಎಳೆಯೇ. 1536ರಿಂದ 1540ರವರೆಗೆ ಎಂಟನೆಯ ಹೆನ್ರಿ ಮಠಗಳನ್ನು ಮುಚ್ಚಿಸಿದಾಗ, ಅವುಗಳ ಕೈಯಲ್ಲಿದ್ದ ರೆಕ್ಟರನ ಪಾಲು ಅರಸನ ಕೈಸೇರಿತು; ಅದರಲ್ಲಿ ಬಹಳಷ್ಟು ಜಮೀನ್ದಾರರಿಗೆ ಮಾರಾಟವಾಯಿತು. ದೇವರ ಹೆಸರಿನ ಪಾಲು, ಪ್ರಾರ್ಥನೆ ಹೇಳಿಸದ, ಶವಸಂಸ್ಕಾರ ಮಾಡಿಸದ ಗೃಹಸ್ಥನ ಆಸ್ತಿಯಾಯಿತು. ಅದನ್ನು ಮಕ್ಕಳಿಗೆ ಬಿಡಬಹುದು, ಅಡವಿಡಬಹುದು, ಮತ್ತೆ ಮಾರಬಹುದು. ನನ್ನ ಕಣ್ಣಿಗೆ ಹತ್ತರಲ್ಲೊಂದು ಎಂಬ ಪ್ರಮಾಣಕ್ಕಿಂತ ದೊಡ್ಡ ಅನ್ಯಾಯ ಇದು. ಆತ್ಮಸಾಕ್ಷಿ ಒಪ್ಪದೆ ಕೊಡಲು ನಿರಾಕರಿಸಿದ ಕ್ವೇಕರರೆಂಬ ಕ್ರೈಸ್ತ ಪಂಥದವರ ದನಕರು, ಪಾತ್ರೆಪಗಡಿಗಳು ಜಪ್ತಿಯಾದವು, ಕೆಲವರು ಸೆರೆಮನೆ ಸೇರಿದರು.

1836ರ ಕಾಯ್ದೆ ಕಾಳಿನ ಬದಲು ಹಣ ಎಂದಿತು. ಗೋಧಿ, ಬಾರ್ಲಿ, ಓಟ್ಸ್‌ಗಳ ಏಳು ವರ್ಷದ ಸರಾಸರಿ ಬೆಲೆಗೆ ತಕ್ಕಂತೆ ತೆರಿಗೆ ಏರುತ್ತಿತ್ತು, ಇಳಿಯುತ್ತಿತ್ತು. ಆದರೂ ಅದೇ ನೋವು ಉಳಿಯಿತು. ಬೇರೆ ಪಂಥದ ತಮ್ಮ ಚಾಪೆಲ್ಲುಗಳನ್ನು ಸ್ವಂತ ಹಣದಿಂದ ನಡೆಸುತ್ತಿದ್ದ ವೇಲ್ಸಿನ ರೈತರು ತಮ್ಮದಲ್ಲದ ಚರ್ಚಿಗೂ ತೆರಬೇಕಾಗಿತ್ತು. 1880ರ ದಶಕದ ಕೊನೆಯಲ್ಲಿ ಡೆನ್ಬಿಶೈರಿನ ಹಳ್ಳಿಗಳಲ್ಲಿ ದಶಮಾಂಶದ ಬಾಕಿಗೆ ಜಪ್ತಿಯಾದ ದನಗಳ ಹರಾಜಿಗೆ ಬಂದವರನ್ನು ಜನ ಒಟ್ಟಾಗಿ ತಡೆದರು. 1891ರಲ್ಲಿ ಹೊಣೆ ಗೇಣಿದಾರನಿಂದ ಭೂಮಾಲೀಕನಿಗೆ ಬಂತು. 1936ರ ಕಾಯ್ದೆ ಇದನ್ನು ಅರವತ್ತು ವರ್ಷದ ಕಂತಾಗಿಸಿತು; 1977ರಲ್ಲಿ ಅದೂ ನಿಂತಿತು.

ನಮ್ಮಲ್ಲಿ 1955ರ ಮೈಸೂರು ಕಾಯ್ದೆ ದೇವಸ್ಥಾನಗಳ ಇನಾಮು ಜಮೀನನ್ನು ರದ್ದುಪಡಿಸಿತು. ಹೋದ ಜಮೀನಿಗೆ ಬದಲಾಗಿ ಸರ್ಕಾರ ಕೊಡುವ ತಸ್ತೀಕಿನಲ್ಲಿ ಇಂದಿಗೂ ಎಷ್ಟೋ ಹಳ್ಳಿ ಗುಡಿಗಳ ದೀಪ ಉರಿಯುತ್ತಿದೆ. ಆ ಮೊತ್ತ ಸಾಲದು ಎಂಬ ದೂರು ನ್ಯಾಯವಾದದ್ದೇ. ಆದರೆ ಅದು ಖಜಾನೆಯಿಂದ ಬರುತ್ತದೆ, ನಾಳೆ ಆ ಹೊಲ ಕೊಂಡವನ ಬೆನ್ನಟ್ಟುವುದಿಲ್ಲ.

ಇಲ್ಲಿ ದಶಮಾಂಶ ಹೋದರೂ, ರೆಕ್ಟರನ ಪಾಲಿನ ಭೂಮಿಗೆ ಅಂಟಿದ್ದ ಚಾವಣಿಯ ಹೊಣೆ ಹೋಗಲಿಲ್ಲ. ವಾರ್ವಿಕ್‌ಶೈರಿನ ಆಸ್ಟನ್ ಕ್ಯಾಂಟ್ಲೊ ಎಂಬ ಹಳ್ಳಿಯಲ್ಲಿ ಜಮೀನಿದ್ದ ದಂಪತಿ ಅದರ ವಿರುದ್ಧ ಆಗಿನ ಅತ್ಯುನ್ನತ ನ್ಯಾಯಾಲಯವಾದ ಹೌಸ್ ಆಫ್ ಲಾರ್ಡ್ಸ್‌ವರೆಗೆ ಹೋರಾಡಿ 2003ರಲ್ಲಿ ಸೋತರು. ಇಂಥ ಹೊಣೆಗಳನ್ನು ಭೂದಾಖಲೆಯಲ್ಲಿ ನಮೂದಿಸಲು 2013ರ ಅಕ್ಟೋಬರ್ ಗಡುವಾಗಿತ್ತು. ಗಡುವು ಸಾಲದು, ಸಂಸತ್ತು ಈ ಹೊಣೆಯನ್ನೇ ತೆಗೆದುಹಾಕಬೇಕು. ಆ ಚರ್ಚಿನ ಕಲ್ಲುಗಳೆಂದರೆ ನನಗೆ ಪ್ರೀತಿ. ಚಾವಣಿಗೆಂದು ಊರವರು ಡಬ್ಬಿ ಹಿಡಿದು ಬಂದಾಗ ನಾನೂ ಹಣ ಹಾಕಿದ್ದೇನೆ, ಮುಂದೆಯೂ ಹಾಕುತ್ತೇನೆ.