ಸಾವ್ಕಾರ್ರು ಜಾರಲು ಹೊರಟರು

ಆ ಫ್ಲೆಕ್ಸ್ ನೀವೂ ನೋಡಿದ್ದೀರಿ. ತೀನ್ ಕಂದೀಲ್ ಹತ್ತಿರ ಅರ್ಧ ರಸ್ತೆ ಮುಚ್ಚುವ ಹಾಗೆ ಕಟ್ಟಿದ್ದಾರಲ್ಲ, ಅದೇ. ‘ಆಲ್ಪ್ಸ್ ಪರ್ವತಕ್ಕೆ ಹಿಮಕ್ರೀಡಾ ಪ್ರವಾಸ ಕೈಗೊಂಡಿರುವ ನಮ್ಮ ಹೆಮ್ಮೆಯ ನಾಯಕರಿಗೆ ಶುಭ ಪ್ರಯಾಣ.’ ನಟ್ಟನಡುವೆ ಸಾವ್ಕಾರ್ರು. ತಲೆಗೆ ಹೆಲ್ಮೆಟ್, ಹಣೆಯ ಮೇಲೆ ಅಂಗೈ ಅಗಲದ ಕನ್ನಡಕ, ಮೈಮೇಲೆ ಮಾತ್ರ ಅದೇ ಇಸ್ತ್ರಿ ಮಾಡಿದ ಬಿಳಿ ಅಂಗಿ. ರಾಯಚೂರಿನಲ್ಲಿ ಅವರು ಹೆಲ್ಮೆಟ್ ಹಾಕಿ ಕಾಣಿಸಿಕೊಂಡಿದ್ದು ಇದೇ ಮೊದಲು. ಅದೂ ಫ್ಲೆಕ್ಸಿನಲ್ಲಿ. ಕೆಳಗೆ ಹಿತೈಷಿಗಳ ಪಾಸ್‌ಪೋರ್ಟ್ ಸೈಜ್ ಫೋಟೊಗಳು ಸಾಲು ಸಾಲು. ಆ ಪೈಕಿ ಪಾಸ್‌ಪೋರ್ಟ್ ಇದ್ದವರು ಯಾರೂ ಇದ್ದಂತಿಲ್ಲ.

ಹಿಂದೆ ಒಂದು ಚೂಪು ಬೆಟ್ಟ ಇದೆ, ಗಮನಿಸಿದಿರಾ? ಅದು ಮ್ಯಾಟರ್‌ಹಾರ್ನ್. ಸ್ವಿಟ್ಜರ್ಲೆಂಡ್ ಮತ್ತು ಇಟಲಿಯ ಗಡಿಯಲ್ಲಿದೆ, 4,478 ಮೀಟರ್ ಎತ್ತರ. ಟೊಬ್ಲರೋನ್ ಚಾಕೊಲೇಟಿನ ಡಬ್ಬಿ ಮೇಲೆ ಇರುತ್ತಿತ್ತಲ್ಲ, ಅದೇ. 2023ರಲ್ಲಿ ಅದನ್ನು ಡಬ್ಬಿಯಿಂದ ಇಳಿಸಿದರು. ಒಂದಷ್ಟು ಚಾಕೊಲೇಟನ್ನು ಸ್ಲೊವಾಕಿಯಾದಲ್ಲಿ ಮಾಡಲು ಹೊರಟಿದ್ದೇ ಕಾರಣ. ಹೊರಗೆ ಮಾಡಿದ ಮಾಲಿನ ಮೇಲೆ ನಮ್ಮ ದೇಶದ ಗುರುತು ಬೇಡ ಅನ್ನುತ್ತದೆ ಸ್ವಿಸ್ ಕಾನೂನು. ಪಾಪ, ಆ ಕಂಪನಿಯವರು ನಮ್ಮೂರಿನ ಫ್ಲೆಕ್ಸ್ ಅಂಗಡಿಗೆ ಬಂದಿದ್ದರೆ ಕೆಲಸ ಆಗುತ್ತಿತ್ತು. ಇಲ್ಲಿ ಒಂದು ಬೆಟ್ಟ ಕೇಳಿದರೆ ಎರಡು ಹಾಕಿ ಕೊಡುತ್ತಾರೆ. ಪಕ್ಕದಲ್ಲಿ ಒಂದು ಹುಲಿಯನ್ನೂ ನಿಲ್ಲಿಸುತ್ತಾರೆ. ಕರ್ನಾಟಕದಲ್ಲಿ ಫ್ಲೆಕ್ಸ್‌ಗೆ 2016ರಿಂದಲೇ ನಿಷೇಧ ಇದೆ ಅನ್ನುವುದು ಬೇರೆ ಮಾತು. ಆ ಆದೇಶವನ್ನೂ ಫ್ಲೆಕ್ಸ್ ಮಾಡಿಸಿ ಕಟ್ಟಿದ್ದರೆ ನಾಲ್ಕು ಜನ ಓದುತ್ತಿದ್ದರೇನೋ.

“ಸ್ವಂತ ರೊಕ್ಕದಾಗ ಹೊಂಟಾರ್ರಿ, ನಿಮಗ್ಯಾಕ ಹೊಟ್ಟಿ ಉರಿ?” ಅಂತ ಒಬ್ಬ ಹಿತೈಷಿ ಕೇಳಿದ. ಹೊಟ್ಟೆಉರಿ ಏನೂ ಇಲ್ಲ. ಸ್ವಂತ ಅನ್ನುವುದನ್ನು ನಾನು ಪೂರ್ತಿ ನಂಬುತ್ತೇನೆ. ಹೊಳೆಯ ಮರಳು ಸ್ವಂತ, ಟೆಂಡರ್ ಸ್ವಂತ, ಟೆಂಡರ್ ತೆರೆಯುವ ಕೈಯೂ ಸ್ವಂತ. ಇನ್ನು ರೊಕ್ಕ ಬೇರೆಯವರದು ಹೇಗಾದೀತು?

ನಿಜ ಹೇಳಬೇಕೆಂದರೆ ತಯಾರಿ ನೋಡಿ ಸಾವ್ಕಾರ್ರ ಮೇಲೆ ಗೌರವ ಜಾಸ್ತಿಯಾಗಿದೆ. ಯುರೋಪಿನ ಹಲವು ದೇಶಗಳಿಗೆ ಒಂದೇ ಆಗಿ ಕೊಡುವ ಷೆಂಗನ್ ವೀಸಾ ಅಂದರೆ ತಮಾಷೆ ಅಲ್ಲ. ಶುಲ್ಕವೇ 90 ಯೂರೊ. ಹೈದರಾಬಾದಿಗೆ ಹೋಗಿ ಬೆರಳಚ್ಚು ಕೊಡಬೇಕು. ವಾಪಸ್ ಬರುವ ಟಿಕೆಟ್, ಬ್ಯಾಂಕ್ ಲೆಕ್ಕ, ತೆರಿಗೆ ರಿಟರ್ನ್ಸ್ ಎಲ್ಲ ತೋರಿಸಬೇಕು. ಇಷ್ಟು ವರ್ಷ ಆದಾಯ ಕಡಿಮೆ ತೋರಿಸಲು ಆಡಿಟರ್ ಇಟ್ಟುಕೊಂಡಿದ್ದವರು ಈ ಸಲ ಅದೇ ಆಡಿಟರ್ ಮುಂದೆ ಕೂತು “ಸ್ವಲ್ಪ ಏರ್ಸಿ ಬರೀರಿ” ಅಂದರಂತೆ. ಮೇಲೆ ಕನಿಷ್ಠ 30,000 ಯೂರೊ ಮೊತ್ತದ ವೈದ್ಯಕೀಯ ವಿಮೆ ಕಡ್ಡಾಯ. ಅಷ್ಟಕ್ಕೇ ಮುಗಿಯುವುದಿಲ್ಲ. ಸ್ಕೀ ಆಡಿ ಕಾಲು ಮುರಿದರೆ ಮಾಮೂಲಿ ಪ್ರವಾಸ ವಿಮೆಯನ್ನು ನಂಬಿ ಕೂರುವ ಹಾಗಿಲ್ಲ. ಚಳಿಗಾಲದ ಕ್ರೀಡೆ ಅಂತ ಬೇರೆಯಾಗಿ ಸೇರಿಸಬೇಕು. ಗುರುತು ಮಾಡಿದ ದಾರಿ ಬಿಟ್ಟು ಜಾರಿದರೆ ಎಷ್ಟೋ ಪಾಲಿಸಿಗಳು ಕೈ ಎತ್ತುತ್ತವೆ. ಕುಡಿದು ಬಿದ್ದರೂ ಅಷ್ಟೇ. ಸಾವ್ಕಾರ್ರು ಇದನ್ನೆಲ್ಲ ಸಣ್ಣ ಅಕ್ಷರವನ್ನೂ ಬಿಡದೆ ಓದಿಸಿ ಕೇಳಿದರಂತೆ. ಕುಡಿಯುವ ನೀರಿನ ಕಡತವನ್ನೂ ಹೀಗೇ ಓದಿಸಿ ಕೇಳಿದ್ದರೆ... ಇರಲಿ, ಅದಕ್ಕೆ ಆಮೇಲೆ ಬರೋಣ.

ಸ್ಕೀಯೋ ಸ್ನೋಬೋರ್ಡೋ ಅನ್ನುವ ವಿಷಯಕ್ಕೆ ಹೋಟೆಲಿನಲ್ಲಿ ಒಗ್ಗರಣಿ ಮಿರ್ಚಿ ತಣ್ಣಗಾಗುವ ತನಕ ಚರ್ಚೆ ನಡೆಯಿತು. ಸ್ಕೀ ಅಂದರೆ ಕಾಲಿಗೊಂದು ಪಟ್ಟಿ, ಕೈಗೊಂದು ಕೋಲು. ಸ್ನೋಬೋರ್ಡ್ ಅಂದರೆ ಒಂದೇ ಹಲಗೆ. ಎರಡೂ ಕಾಲು ಅದಕ್ಕೇ ಬಿಗಿದು ಓರೆಯಾಗಿ ನಿಂತು ಇಳಿಯಬೇಕು. ಎಡಗಾಲು ಮುಂದೋ ಬಲಗಾಲು ಮುಂದೋ ಅಂತ ಮೊದಲೇ ಹೇಳಿಬಿಡಬೇಕು, ಆ ಪ್ರಕಾರ ಪಟ್ಟಿ ಬಿಗಿಯುತ್ತಾರೆ. ಸಾವ್ಕಾರ್ರು ಇಲ್ಲೇ ತಡವರಿಸಿದ್ದು. ಎಡ, ಬಲ ಅಂತ ಮೊದಲೇ ಹೇಳಿ ಅವರಿಗೆ ಅಭ್ಯಾಸವಿಲ್ಲ. ಫಲಿತಾಂಶ ಬಂದ ಮೇಲೆ ಹೇಳುವವರು. ಎರಡು ದೋಣಿಯಲ್ಲಿ ಕಾಲಿಟ್ಟು ಮೂರು ಚುನಾವಣೆ ದಾಟಿದವರಿಗೆ ಎರಡು ಪಟ್ಟಿಯ ಸ್ಕೀಯೇ ಸರಿ ಅಂತ ಕೊನೆಗೆ ತೀರ್ಮಾನವಾಯಿತು.

ಇಳಿಜಾರುಗಳಿಗೆ ಅಲ್ಲಿ ಬಣ್ಣ ಕಟ್ಟಿದ್ದಾರೆ. ನೀಲಿ ಸುಲಭ, ಕೆಂಪು ಮಧ್ಯಮ, ಕಪ್ಪು ಕಠಿಣ. “ಬ್ಲ್ಯಾಕ್ ಅಂದ್ರ ಸಾವ್ಕಾರ್ರಿಗೆ ರೂಢಿ ಐತ್ರಿ” ಅಂದ ಡ್ರೈವರ್. ಯಾರೂ ನಗಲಿಲ್ಲ. ಹೊಗಳಿಕೆ ಅಂತಲೇ ತಿಳಿದರು.

ಊರು ಯಾವುದು? ಝರ್ಮಾಟ್. ಮ್ಯಾಟರ್‌ಹಾರ್ನ್ ಬುಡದಲ್ಲೇ ಇದೆ. ಮಾರ್ಚ್ ಕೊನೆಗೆ ಹೋಗಿ ಏಪ್ರಿಲ್ ಮೊದಲ ವಾರ ಬರುವುದಂತೆ. ಕೆಳಗಿನ ಊರುಗಳಲ್ಲಿ ಆ ಹೊತ್ತಿಗೆ ಹಿಮ ಕರಗಿರುತ್ತದೆ. ಇಲ್ಲಿ 3,883 ಮೀಟರ್ ತನಕ ಕೇಬಲ್ ಕಾರ್ ಹೋಗುತ್ತದೆ, ಮೇಲಿನ ಹಿಮನದಿಯ ಮೇಲೆ ಬೇಸಿಗೆಯಲ್ಲೂ ಜಾರುತ್ತಾರೆ. ಒಂದೇ ತೊಂದರೆ, ಊರೊಳಗೆ ಪೆಟ್ರೋಲ್, ಡೀಸೆಲ್ ಕಾರು ಬಿಡುವುದಿಲ್ಲ. ಕೆಳಗಿನ ಟೇಶ್ ಎಂಬಲ್ಲಿ ಕಾರು ನಿಲ್ಲಿಸಿ ರೈಲು ಹತ್ತಬೇಕು. ಮುಂದೆ ನಾಲ್ಕು, ಹಿಂದೆ ನಾಲ್ಕು ಗಾಡಿ ಇಲ್ಲದೆ ಸಾವ್ಕಾರ್ರು ಕಟಿಂಗ್ ಮಾಡಿಸಲೂ ಹೋದವರಲ್ಲ.

ಅದಕ್ಕಿಂತ ಕಷ್ಟದ್ದು ನಿಯಮಾವಳಿ. ಅಂತರರಾಷ್ಟ್ರೀಯ ಸ್ಕೀ ಫೆಡರೇಷನ್ನಿನವರು 10 ನಿಯಮ ಮಾಡಿದ್ದಾರೆ. ಮುಂದೆ ಇಳಿಯುತ್ತಿರುವವನಿಗೆ ತಾಗದಂತೆ ದಾರಿ ಹುಡುಕಿಕೊಳ್ಳುವುದು ಹಿಂದಿನಿಂದ ಬರುವವನ ಜವಾಬ್ದಾರಿ. ಹಾರ್ನ್ ಹೊಡೆದು ಸರಿಸುವ ಹಾಗಿಲ್ಲ. ಅಪಘಾತವಾದರೆ ನೆರವಿಗೆ ನಿಲ್ಲಲೇಬೇಕು. ಗುದ್ದಿದವನಿರಲಿ, ನೋಡಿದವನೂ ತನ್ನ ಹೆಸರು ವಿಳಾಸ ಕೊಡಬೇಕು. ಇದನ್ನು ಓದುತ್ತಿದ್ದಂತೆ ನನಗೆ ದೇವದುರ್ಗ ರಸ್ತೆಯಲ್ಲಿ ರಾತ್ರಿ ಓಡುವ ಮರಳಿನ ಟಿಪ್ಪರ್‌ಗಳು ನೆನಪಾದವು. ಅವಕ್ಕೆ ನಂಬರ್ ಪ್ಲೇಟೇ ಕಾಣುವುದಿಲ್ಲ, ಇನ್ನು ಹೆಸರು ವಿಳಾಸ ಯಾರು ಕೇಳಬೇಕು? ಯಾರ ಟಿಪ್ಪರ್ ಅಂತ ಎಲ್ಲರಿಗೂ ಗೊತ್ತು. ಎಫ್‌ಐಆರ್‌ನಲ್ಲಿ ಮಾತ್ರ ‘ಅಪರಿಚಿತ ವಾಹನ’.

ಹಿಮಕುಸಿತದ ವಿಷಯದಲ್ಲಂತೂ ಸ್ವಿಸ್ ಜನರನ್ನು ಮೆಚ್ಚಲೇಬೇಕು. ದಾವೋಸ್‌ನಲ್ಲಿ ಅದಕ್ಕೆಂದೇ ಒಂದು ಸಂಸ್ಥೆ ಇದೆ. ಚಳಿಗಾಲದಲ್ಲಿ ದಿನಾ ಸಂಜೆ 5ಕ್ಕೆ, ಮತ್ತೆ ಬೆಳಿಗ್ಗೆ 8ಕ್ಕೆ ಪ್ರಕಟಣೆ ಕೊಡುತ್ತದೆ. ಯಾವ ಕಣಿವೆಯಲ್ಲಿ, ಯಾವ ದಿಕ್ಕಿನ ಇಳಿಜಾರಿನಲ್ಲಿ, ಎಷ್ಟು ಎತ್ತರದ ಮೇಲೆ ಅಪಾಯ ಅಂತ 1ರಿಂದ 5ರವರೆಗೆ ಅಂಕ. ಸಾವ್ಕಾರ್ರ ಪಿಎ ಈಗಲೇ ಆ ಆ್ಯಪ್ ಹಾಕಿಕೊಂಡು ದಿನಾ ಓದಿ ಹೇಳುತ್ತಾನಂತೆ. ಎಲ್ಲೋ ಸಾವಿರಾರು ಮೈಲಿ ದೂರದ ಗುಡ್ಡದ ಹಿಮ ಯಾವಾಗ ಜಾರೀತು ಅಂತ ಇವರಿಗೆ ಗೊತ್ತು. ನಮ್ಮ ವಾರ್ಡಿಗೆ ನಲ್ಲಿ ನೀರು ಯಾವಾಗ ಬಂದೀತು ಅಂತ ಕೇಳಿ ನೋಡಿ. ಅದು ವಾಲ್‌ಮನ್ ಒಬ್ಬನಿಗೇ ಗೊತ್ತು. ಅವನು ಫೋನ್ ಎತ್ತುವುದಿಲ್ಲ.

ಹಿಮ ಅಂದ ಮೇಲೆ ನಮ್ಮ ಶಕ್ತಿನಗರದ ಮಾತು ಬಾರದೆ ಇರುವುದಿಲ್ಲ. ಅಷ್ಟು ದೂರ ಯಾಕೆ ಹೋಗಬೇಕು ಅಂತ ನನ್ನ ವಾದ. ಕಲ್ಲಿದ್ದಲು ಸುಟ್ಟು ಕರೆಂಟ್ ಮಾಡುವ ಆರ್‌ಟಿಪಿಎಸ್ ಇದೆ, 1,720 ಮೆಗಾವಾಟ್ ಸಾಮರ್ಥ್ಯ. ನಮ್ಮ ದೇಶದ ಕಲ್ಲಿದ್ದಲಿನಲ್ಲಿ ಮೂರರಲ್ಲಿ ಒಂದು ಪಾಲು ಬೂದಿಯೇ. ದೇವಸುಗೂರಿನ ಕಡೆ ಮಾಳಿಗೆ ಮೇಲೆ ಬಟ್ಟೆ ಒಣಹಾಕುವ ತಾಯಂದಿರನ್ನು ಕೇಳಿ, ಹಾರುಬೂದಿ ಎಷ್ಟು ಮೆತ್ತಗೆ ಬೀಳುತ್ತದೆ ಅಂತ ಹೇಳುತ್ತಾರೆ. ಆಲ್ಪ್ಸ್‌ನಲ್ಲಿ ‘ಹಿಮ ಗ್ಯಾರಂಟಿ’ ಅಂತ ಜಾಹೀರಾತು ಕೊಟ್ಟು ಆಮೇಲೆ ಮೋಡ ನೋಡುತ್ತಾ ಕೂರುತ್ತಾರೆ. ನಮ್ಮದು ಹಾಗಲ್ಲ. 42 ಡಿಗ್ರಿಯಲ್ಲೂ ಕರಗುವುದಿಲ್ಲ, ವರ್ಷವಿಡೀ ಸೀಸನ್, ಒಂದು ವಾರ ಇದ್ದರೆ ಕೆಮ್ಮು ಉಚಿತ. ಸರ್ಕಾರ ಇದನ್ನು ಆರನೇ ಗ್ಯಾರಂಟಿ ಮಾಡಬಹುದು. ದುಬೈನವರು 2005ರಲ್ಲಿ ಮಾಲ್ ಒಳಗೇ 85 ಮೀಟರ್ ಎತ್ತರದ ಹಿಮದ ಗುಡ್ಡ ಮಾಡಿ ಟಿಕೆಟ್ ಮಾರಲಿಲ್ಲವಾ? ಅದಕ್ಕೆ ಹಗಲು ರಾತ್ರಿ ಕರೆಂಟ್ ಬೇಕು ಅನ್ನುತ್ತೀರಾ? ಬೂದಿಗುಡ್ಡಕ್ಕೆ ಬೇಡ. ಅದೇ ಒಳ್ಳೆಯದು. ಕರೆಂಟ್ ಹುಟ್ಟುವ ಜಿಲ್ಲೆಯಲ್ಲಿ ಕರೆಂಟ್ ಎಷ್ಟು ಹೊತ್ತು ಇರುತ್ತದೆ ಅಂತ ನಿಮಗೆ ಗೊತ್ತೇ ಇದೆ.

ಆಲ್ಪ್ಸ್‌ನಲ್ಲೂ ಈಗ ಎಲ್ಲ ನೆಟ್ಟಗಿಲ್ಲ. 2022 ಮತ್ತು 2023, ಎರಡೇ ವರ್ಷದಲ್ಲಿ ಸ್ವಿಸ್ ಹಿಮನದಿಗಳು ತಮ್ಮ ಹತ್ತರಲ್ಲಿ ಒಂದು ಭಾಗ ಕಳೆದುಕೊಂಡವು. ಅದಕ್ಕೇ ಬೆಟ್ಟದ ಮೇಲೆ ಕೆರೆ ಕಟ್ಟಿ, ಪೈಪಿನಲ್ಲಿ ನೀರು ಹರಿಸಿ, ಫಿರಂಗಿಯಂಥ ಯಂತ್ರದಿಂದ ಸಣ್ಣ ಹನಿಯಾಗಿ ಗಾಳಿಗೆ ಎರಚುತ್ತಾರೆ. ಥಂಡಿ ಸಾಕಷ್ಟಿದ್ದರೆ ನೆಲ ಮುಟ್ಟುವಷ್ಟರಲ್ಲಿ ಅದು ಹಿಮ. ಬೀಜಿಂಗ್‌ನ 2022ರ ಚಳಿಗಾಲದ ಒಲಿಂಪಿಕ್ಸ್ ಹೆಚ್ಚುಕಡಿಮೆ ಪೂರ್ತಿ ಇಂಥ ಹಿಮದ ಮೇಲೇ ನಡೆಯಿತು. ಫ್ರಾನ್ಸಿನ ಪಿರನೀಸ್ ಬೆಟ್ಟದಲ್ಲಿ 2020ರಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಮೇಲಿಂದ 50 ಟನ್ ಹಿಮವನ್ನು ಹೆಲಿಕಾಪ್ಟರಿನಲ್ಲಿ ತಂದು ಕೆಳಗಿನ ಇಳಿಜಾರಿಗೆ ಸುರಿದರು. ಅಲ್ಲಿ ಭಾರಿ ಟೀಕೆ ಬಂತು. ನಮಗೆ ಇದರಲ್ಲಿ ಹೊಸದೇನಿದೆ? ಚುನಾವಣೆ ಬಂದರೆ ನಮ್ಮ ಬಯಲಿಗೂ ಹೆಲಿಕಾಪ್ಟರ್ ಇಳಿಯುತ್ತದೆ. ಅದರಲ್ಲಿ ಬರುವುದೂ ವಾರದಲ್ಲಿ ಕರಗುವ ಮಾಲೇ.

ಜಾರುವುದಕ್ಕೆ ಬೆಟ್ಟದ ಮೇಲೆ ಕೆರೆ. ಕುಡಿಯುವುದಕ್ಕೆ ನಮಗೆ? ಒಂದು ಕಡೆ ಕೃಷ್ಣಾ, ಇನ್ನೊಂದು ಕಡೆ ತುಂಗಭದ್ರಾ ಹರಿಯುವ ಜಿಲ್ಲೆ ಇದು. 2022ರ ಬೇಸಿಗೆಯಲ್ಲಿ ಇದೇ ರಾಯಚೂರು ನಗರದಲ್ಲಿ ನಲ್ಲಿ ನೀರು ಕುಡಿದು ವಾಂತಿಭೇದಿಯಾಗಿ ಜನ ಸತ್ತರು. ಬರಗಾಲ ಇರಲಿಲ್ಲ, ಪ್ರವಾಹ ಇರಲಿಲ್ಲ. ಮನೆಯ ನಲ್ಲಿ ತಿರುಗಿಸಿ ಕುಡಿದರು, ಸತ್ತರು. ಪರಿಹಾರ ಕೊಟ್ಟರು, ಸಭೆ ಮಾಡಿದರು, ಮೇಜಿನ ಮೇಲೆ ಮಾತ್ರ ಬಾಟಲಿ ನೀರು ಇಟ್ಟುಕೊಂಡರು. ಇದರಲ್ಲಿ ನಗುವಂಥದ್ದು ಏನೂ ಇಲ್ಲ, ನಾನೂ ನಗಿಸಲು ಬರೆಯುತ್ತಿಲ್ಲ. ಈಗಲೂ ನಮ್ಮ ಓಣಿಯಲ್ಲಿ ನಲ್ಲಿ ನೀರನ್ನು ಮಕ್ಕಳಿಗೆ ಹಾಗೇ ಕುಡಿಸುವ ಧೈರ್ಯ ಯಾರಿಗೂ ಇಲ್ಲ. ಸಾಕಾಗಿದೆ.

ಸಾವ್ಕಾರ್ರ ಮಂಡಿಯ ಬಗ್ಗೆಯೂ ಎರಡು ಮಾತು. ಸ್ಕೀಯಲ್ಲಿ ಜಾಸ್ತಿ ಪೆಟ್ಟು ಬೀಳುವುದು ಅದಕ್ಕೇ. ಕಾಲು ಒಂದು ದಿಕ್ಕಿಗೆ, ಮೈ ಒಂದು ದಿಕ್ಕಿಗೆ ತಿರುಗಿ ಒಳಗೆ ಮೂಳೆಗಳನ್ನು ಹಿಡಿದಿಡುವ ಲಿಗಮೆಂಟ್ ಹರಿಯುತ್ತದೆ. ಹೆದರಬೇಕಿಲ್ಲ. ಸ್ವಿಟ್ಜರ್ಲೆಂಡಿನಲ್ಲಿ ರೇಗಾ ಅಂತ ಗಾಳಿಮಾರ್ಗದ ರಕ್ಷಣಾ ಸಂಸ್ಥೆ ಇದೆ, 1952ರಿಂದ. ಲಾಭದ ಸಂಸ್ಥೆ ಅಲ್ಲ, ಜನರೇ ವರ್ಷಕ್ಕೆ ತಲಾ 40 ಫ್ರಾಂಕ್ ಕೊಟ್ಟು ನಡೆಸುತ್ತಾರೆ. ಗುಡ್ಡದಲ್ಲಿ ಬಿದ್ದರೆ ಹೆಲಿಕಾಪ್ಟರ್ ಬಂದು ಎತ್ತಿಕೊಂಡು ಹೋಗುತ್ತದೆ. ಪಿಎ ಅದಕ್ಕೂ ಹಣ ಕಟ್ಟಿದ್ದಾನೆ. ಒಳ್ಳೆಯದು, ಮಂಡಿ ಉಳಿಯಲಿ. ನಮ್ಮಲ್ಲಿ ತಲೆಗೆ ಪೆಟ್ಟಾದವನನ್ನು ಆಂಬುಲೆನ್ಸಿನಲ್ಲಿ ಹಾಕಿ ಹೈದರಾಬಾದ್ ಅಥವಾ ಬೆಂಗಳೂರು ಅನ್ನುತ್ತಾರೆ. ರಾಯಚೂರಿಗೆ ಏಮ್ಸ್ ಕೊಡಿ ಅಂತ 2022ರ ಮೇ 13ರಂದು ಜನ ಧರಣಿಗೆ ಕೂತರು. ಸಾವಿರ ದಿನ ದಾಟಿದರೂ ಏಳಲಿಲ್ಲ. ಸಾವ್ಕಾರ್ರೂ ಒಂದು ದಿನ ಪೆಂಡಾಲಿಗೆ ಹೋಗಿದ್ದರು. ಫೋಟೊ ತೆಗೆಯುವಷ್ಟು ಹೊತ್ತು ಕೂತರು. ಮಂಡಿ ನೋವಂತೆ, ಜಾಸ್ತಿ ಹೊತ್ತು ನೆಲದ ಮೇಲೆ ಕೂರಲು ಆಗುವುದಿಲ್ಲ.

ಈ ವಿಷಯವನ್ನೆಲ್ಲ ಅವರ ಹತ್ತಿರವೇ ಮಾತಾಡೋಣ ಅಂತ ನಮ್ಮ ಓಣಿಯವರು ಒಂದು ಮನವಿ ಬರೆದಿಟ್ಟಿದ್ದಾರೆ. ಅವರು ಬಂದ ಮೇಲೆ, ಅಧಿಕಾರಿಗಳು ಇರುವಾಗ, ಕಚೇರಿಯಲ್ಲೇ ಎದುರಿಗೆ ಕೊಡಬೇಕಂತೆ. ನಾನು ಲೆಕ್ಕ ಹಾಕಿ ನೋಡಿದೆ. ಏಪ್ರಿಲ್, ಮೇ ತಿಂಗಳಲ್ಲಿ ನಮ್ಮ ಕಲಬುರಗಿ ವಿಭಾಗದ ಸರ್ಕಾರಿ ಕಚೇರಿಗಳಿಗೆ ಬಿಸಿಲಿನ ವೇಳಾಪಟ್ಟಿ, ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30. ಏಪ್ರಿಲ್‌ನಲ್ಲಿ ಸ್ವಿಸ್ ಗಡಿಯಾರ ನಮಗಿಂತ ಮೂರೂವರೆ ಗಂಟೆ ಹಿಂದೆ. ದೇಹ ಹೊಂದಿಕೊಳ್ಳಲು ಒಂದಷ್ಟು ದಿನ ಬೇಕು ಅಂತ ಪಿಎ ಈಗಲೇ ಹೇಳಿಟ್ಟಿದ್ದಾನೆ. ಸಾವ್ಕಾರ್ರು ಅಲ್ಲಿನ ಹೊತ್ತಿಗೇ ಏಳುತ್ತಾರೆ. ಹತ್ತಕ್ಕೆ.